ಗಾಳಿಗೂ ಬಾಡಿಗೆ

ಅಕ್ಕನ ಮಗಳು ಈ ಜೂನಿನಲ್ಲಿ ಎಂಟನೇ ಕ್ಲಾಸಿಗೆ ಕಾಲಿಟ್ಟಳು. ನಮ್ಮೂರಲ್ಲಿ ಏಳರವರೆಗೆ ಮಾತ್ರ ಶಾಲೆ. ಹೈಸ್ಕೂಲಿಗೆ ಐದೂವರೆ ಕಿಲೋಮೀಟರ್ ಹೋಗಬೇಕು. ಬೆಳಗಿನ ಬಸ್ಸು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಒಂದು ಭಾನುವಾರ ಫೋನ್ ಮಾಡಿ, "ಮಾಮ, ನಿನ್ನ ಮನೆ ಕೆಳಗೆ ಪಾರ್ಕಿಂಗಲ್ಲಿ ಒಂದು ಸೈಕಲ್ ನಿಲ್ಸಿದೀಯಲ್ಲ, ಅದನ್ನ ನೀನು ಓಡಿಸ್ತೀಯಾ?" ಅಂತ ಕೇಳಿದಳು. ಉತ್ತರ ಗೊತ್ತಿದ್ದೇ ಕೇಳಿದ ಪ್ರಶ್ನೆ ಅದು.

ಓಡಿಸ್ತಿರಲಿಲ್ಲ. ಆಫೀಸಲ್ಲಿ ಎಲ್ಲರೂ ಫಿಟ್‌ನೆಸ್ ಅಂತ ಗೇರ್ ಸೈಕಲ್ ತಗೊಂಡಾಗ ನಾನೂ ಒಂದು ತಗೊಂಡಿದ್ದೆ. ಮೂರು ತಿಂಗಳು ತುಳಿದೆ. ಆಮೇಲೆ ಅದು ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಧೂಳು ಕುಡಿಯುತ್ತಾ ನಿಂತುಬಿಟ್ಟಿತು. ನಿಮ್ಮ ಬೇಸ್‌ಮೆಂಟಿನಲ್ಲೂ ಇಂಥದೊಂದು ಇರಬಹುದು, ಹೋಗಿ ನೋಡಿ. "ಕಳಿಸ್ತೀನಿ ಬಿಡು" ಅಂದೆ. ಬೆಂಗಳೂರಿಂದ ಶಿಕಾರಿಪುರದ ಕಡೆಗೆ ಒಂದು ಸೈಕಲ್ ಕಳಿಸೋದು ಏನು ಮಹಾ ಕೆಲಸ ಅಂದ್ಕೊಂಡಿದ್ದೆ.

ಕೊರಿಯರ್ ಆಫೀಸಿಗೆ ಹೋದೆ. ಅಲ್ಲಿದ್ದ ಹುಡುಗ ತಕ್ಕಡಿ ತರಲಿಲ್ಲ, ಟೇಪು ತಂದ. ಸೈಕಲ್ ಅಂಗಡಿಯಿಂದ ಬೇಡಿ ತಂದಿದ್ದ ರಟ್ಟಿನ ಪೆಟ್ಟಿಗೆಯನ್ನು ಅಳೆದ. ಉದ್ದ 140 ಸೆಂಟಿಮೀಟರ್, ಎತ್ತರ 75, ಅಗಲ 20. ಮೂರನ್ನೂ ಗುಣಿಸಿ 5000ದಿಂದ ಭಾಗಿಸಿದ. "ನಲವತ್ತೆರಡು ಕೆಜಿ ಸರ್" ಅಂದ. ನಾನು ಮನೆಯಲ್ಲೇ ತೂಕ ಮಾಡಿಕೊಂಡು ಹೋಗಿದ್ದೆ: ಪೆಟ್ಟಿಗೆ ಸೇರಿ ಹದಿನಾರು ಕೆಜಿ. ಉಳಿದ ಇಪ್ಪತ್ತಾರು ಕೆಜಿ ಏನು? ಗಾಳಿ. ಫ್ರೇಮಿನ ತ್ರಿಕೋನದ ಒಳಗಿನ ಗಾಳಿ, ಕಡ್ಡಿಗಳ ನಡುವಿನ ಗಾಳಿ. ಅದಕ್ಕೂ ಬಾಡಿಗೆ. ಅವನು ಹೇಳಿದ ಮೊತ್ತ ಮೂರು ಸಾವಿರದ ಇನ್ನೂರು. ಆ ಸೈಕಲ್ಲನ್ನು ಈಗ ಮಾರಿದರೂ ಅಷ್ಟು ಬರೋದು ಅನುಮಾನ.

ಪೆಟ್ಟಿಗೆ ವಾಪಸ್ ಹೊತ್ತುಕೊಂಡು ಬಂದೆ. ಸಿಟ್ಟಿಗೆ ಅಂತಲೇ ಕೂತು ಈ 5000ದ ಲೆಕ್ಕದ ಮೂಲ ಹುಡುಕಿದೆ. ಹುಡುಕ್ತಾ ಹೋದಂತೆ ಸಿಟ್ಟು ಇಳೀತು, ಕುತೂಹಲ ಏರಿತು. ಸಾಗಣೆಯವರು ಗಾಳಿಗೆ ಬಾಡಿಗೆ ಕೇಳ್ತಾ ಬಂದಿರೋದು ನಿನ್ನೆ ಮೊನ್ನೆಯಿಂದಲ್ಲ. ಆ ಜಗಳದ ನಡುಮಧ್ಯದಲ್ಲಿ ನೂರಾ ಮೂವತ್ತು ವರ್ಷಗಳ ಹಿಂದೆ ನಿಂತಿದ್ದದ್ದೂ ಸೈಕಲ್ಲೇ.

ಮೊದಲು ತೂಕದ ವಿಷಯ. ನಾವು ಈಗ ತೂಕಕ್ಕೆ ಬಳಸುವ 'ಟನ್' ಅನ್ನೋ ಪದ ಹುಟ್ಟಿದ್ದು ತೂಕದಿಂದಲ್ಲ, ಪೀಪಾಯಿಯಿಂದ. ಮಧ್ಯಯುಗದಲ್ಲಿ ಫ್ರಾನ್ಸಿನಿಂದ ಇಂಗ್ಲೆಂಡಿಗೆ ಹಡಗಿನಲ್ಲಿ ದ್ರಾಕ್ಷಾರಸ ಬರುತ್ತಿದ್ದ ದೊಡ್ಡ ಪೀಪಾಯಿಗೆ 'ಟನ್' ಅಂತ ಹೆಸರು. ಒಂದು ಹಡಗು ಎಷ್ಟು ದೊಡ್ಡದು ಅಂದರೆ ಎಷ್ಟು ಪೀಪಾಯಿ ಹಿಡಿಸುತ್ತದೆ ಅನ್ನೋದೇ ಅಳತೆ. ಅಂದರೆ ಟನ್ ಮೊದಲಿಗೆ ಜಾಗದ ಮಾತು. ಆಮೇಲೆ ಹಡಗಿನವರು ಎರಡೂ ಲೆಕ್ಕ ಇಟ್ಟುಕೊಂಡರು. ಕಬ್ಬಿಣ ತಂದರೆ ತೂಕಕ್ಕೆ ದುಡ್ಡು, ಹತ್ತಿ ತಂದರೆ ಜಾಗಕ್ಕೆ ದುಡ್ಡು. 40 ಘನ ಅಡಿಗೆ ಒಂದು ಟನ್. ಎರಡರಲ್ಲಿ ಯಾವುದು ಜಾಸ್ತಿಯೋ ಅದು. ಕಬ್ಬಿಣ ತುಂಬಿದರೆ ಜಾಗ ಇದ್ದರೂ ಹಡಗು ಮುಳುಗುತ್ತದೆ, ಹತ್ತಿ ತುಂಬಿದರೆ ಮುಳುಗೋ ಮೊದಲೇ ಜಾಗ ಮುಗಿಯುತ್ತದೆ. ಎರಡರಲ್ಲೂ ಹಡಗಿನವನಿಗೆ ಗಿಟ್ಟಬೇಕಲ್ಲ. ನನ್ನ ಸೈಕಲ್ ಪೆಟ್ಟಿಗೆಯಂಥವು ಐದು ಇಟ್ಟರೆ ಈ ಹಡಗಿನ ಟನ್ ಹತ್ತತ್ರ ತುಂಬಿಹೋಗುತ್ತದೆ. ಐದೂ ಸೇರಿ ನಿಜವಾದ ತೂಕ ಎಂಬತ್ತೇ ಕೆಜಿ.

ನಮ್ಮಲ್ಲಿ ಅಳತೆ ಬೇರೆ ಇತ್ತು, ಮನುಷ್ಯನ ಹೆಗಲು. ಬಿದಿರಿನ ಬೊಂಬಿನ ಎರಡೂ ತುದಿಗೆ ಬುಟ್ಟಿ ಕಟ್ಟಿ ಹೆಗಲ ಮೇಲೆ ಹೊರುವ ಅಡ್ಡೆ ಗೊತ್ತಲ್ಲ, ಕಾವಡಿ ಅಂತಲೂ ಅಂತೀವಿ. ಹಿಂದಿಯಲ್ಲಿ ಅದು ಬಹಂಗಿ. ಕಂಪನಿ ಕಾಲದ ಇಂಗ್ಲಿಷರ ಬಾಯಲ್ಲಿ ಅದು 'ಬ್ಯಾಂಗಿ' ಆಯಿತು, ಪಾರ್ಸೆಲ್ ಒಯ್ಯುವ ಅಂಚೆಗೇ 'ಡಾಕ್ ಬ್ಯಾಂಗಿ' ಅಂತ ಹೆಸರಾಯಿತು. ರೈಲು ಬರುವ ಮೊದಲು ಈ ದೇಶದ ಪಾರ್ಸೆಲ್ಲುಗಳು ಓಡಾಡಿದ್ದು ಅಡ್ಡೆ ಹೊತ್ತವನ ಕಾಲ ಮೇಲೆ. ಅವನಿಗೆ 5000ದ ಲೆಕ್ಕ ಬೇಕಿರಲಿಲ್ಲ. ಬುಟ್ಟಿಗೆ ಹಿಡಿಸಬೇಕು, ಹೆಗಲು ತಡೀಬೇಕು, ಅಷ್ಟೇ.

ಇಂಥ ಲೋಕಕ್ಕೆ ಸೈಕಲ್ ಬಂತು. ಒಂದು ಕಾಲದ ಸೈಕಲ್ಲುಗಳ ಮುಂದಿನ ಚಕ್ರ ಆಳೆತ್ತರ, ಹಿಂದಿನದು ಪುಟಾಣಿ. 1885ರಲ್ಲಿ ಇಂಗ್ಲೆಂಡಿನ ಜಾನ್ ಕೆಂಪ್ ಸ್ಟಾರ್ಲಿ ಎರಡೂ ಚಕ್ರ ಹೆಚ್ಚುಕಮ್ಮಿ ಸಮ ಇರುವ, ಚೈನ್ ಇರುವ 'ರೋವರ್' ಸೈಕಲ್ ತಂದ. 1888ರಲ್ಲಿ ಡನ್‌ಲಪ್ ಗಾಳಿ ತುಂಬಿದ ಟೈರು ತಂದ. ಅಲ್ಲಿಂದ ಶುರುವಾಯಿತು ನೋಡಿ ಹುಚ್ಚು. 1890ರ ದಶಕದ ಯುರೋಪು, ಅಮೆರಿಕಗಳಲ್ಲಿ ಗುಮಾಸ್ತರು, ಮೇಷ್ಟ್ರುಗಳು, ಹೆಂಗಸರು ಎಲ್ಲರೂ ಸೈಕಲ್ಲಿಗೆ ಮುಗಿಬಿದ್ದರು. ಭಾನುವಾರ ಊರಾಚೆ ಹೋಗಿ ಸುತ್ತುವ ಆಸೆ. ಆದರೆ ಊರಾಚೆಗೆ ಮುಟ್ಟಿಸಬೇಕಾದದ್ದು ರೈಲು.

ರೈಲಿನವರಿಗೆ ಸೈಕಲ್ ಅಂದರೆ ತಲೆನೋವು. ಪ್ರಯಾಣಿಕರ ಟ್ರಂಕು ಪೆಟ್ಟಿಗೆಗಳನ್ನು ಒಂದು ತೂಕದವರೆಗೆ ಬಿಟ್ಟಿ ಒಯ್ಯುವ ಪದ್ಧತಿ ಮೊದಲಿಂದ ಇತ್ತು. ಒಂದರ ಮೇಲೊಂದು ಜೋಡಿಸಬಹುದು. ಸೈಕಲ್ಲನ್ನು ಜೋಡಿಸೋದು ಹೇಗೆ? ಹ್ಯಾಂಡಲ್ಲು ಒಂದು ಕಡೆ, ಪೆಡಲ್ಲು ಇನ್ನೊಂದು ಕಡೆ. ಹತ್ತು ಸೈಕಲ್ ಹಾಕಿದರೆ ಲಗೇಜು ಬೋಗಿ ತುಂಬಿತು. ಹಾಗಾಗಿ ಎಷ್ಟೋ ರೈಲು ಕಂಪನಿಗಳು ಸೈಕಲ್ಲಿಗೆ ಬೇರೆ ದುಡ್ಡು ಕೀಳತೊಡಗಿದವು. 'ಇದು ಲಗೇಜಲ್ಲ, ಸರಕು' ಅನ್ನೋದು ಅವರ ವಾದ.

ಅಮೆರಿಕದಲ್ಲಿ ಸೈಕಲ್ ಸವಾರರ ದೊಡ್ಡ ಸಂಘವೊಂದಿತ್ತು, 'ಲೀಗ್ ಆಫ್ ಅಮೆರಿಕನ್ ವೀಲ್‌ಮೆನ್'. 1880ರಲ್ಲಿ ಹುಟ್ಟಿದ್ದು. ಒಳ್ಳೆ ರಸ್ತೆ ಕೊಡಿ ಅಂತ ಸರ್ಕಾರದ ಬೆನ್ನುಬಿದ್ದಿದ್ದ ಸಂಘ ಅದು. ರೈಲಿನ ವಿಷಯಕ್ಕೂ ಸವಾರರು ದನಿಯೆತ್ತಿದರು. 1896ರಲ್ಲಿ ನ್ಯೂಯಾರ್ಕ್ ರಾಜ್ಯ ಆರ್ಮ್‌ಸ್ಟ್ರಾಂಗ್ ಕಾನೂನು ತಂದಿತು. ಚಂದ್ರನ ಮೇಲೆ ನಡೆದವನೂ ಅಲ್ಲ, ಸೈಕಲ್ ರೇಸಿನವನೂ ಅಲ್ಲ, ಈ ಆರ್ಮ್‌ಸ್ಟ್ರಾಂಗ್ ಬೇರೆ.

ಆ ಕಾನೂನಲ್ಲಿ ನನಗೆ ಹಿಡಿಸಿದ್ದು ಅದರ ಜಾಣತನ. ದರ ಇಳಿಸಿ ಅಂತ ಅದು ಹೇಳಲಿಲ್ಲ. ಸೈಕಲ್ ಅಂದರೆ ಪ್ರಯಾಣಿಕನ ಲಗೇಜು ಅಂತ ಘೋಷಿಸಿತು, ಅಷ್ಟೇ. ಲಗೇಜು ಅಂದಮೇಲೆ ಮುಗೀತಲ್ಲ, ಟ್ರಂಕಿನ ನಿಯಮವೇ ಇದಕ್ಕೂ. ಜೊತೆಗೆ ಇನ್ನೊಂದು ಸಾಲು: ಸೈಕಲ್ಲನ್ನು ಕಟ್ಟಿಗೆಯ ಚೌಕಟ್ಟಿನಲ್ಲಿ ಕೂರಿಸಿ, ಬಟ್ಟೆ ಸುತ್ತಿ ತಾ ಅಂತ ಪ್ರಯಾಣಿಕನನ್ನು ಒತ್ತಾಯಿಸುವ ಹಾಗಿಲ್ಲ. ಇದ್ದ ಹಾಗೇ ಹತ್ತಿಸಿಕೊಳ್ಳಬೇಕು. ಒಬ್ಬರಿಗೆ ಒಂದು ಸೈಕಲ್. ನಾವು ಕೋಡ್ ಬರೆಯುವವರಿಗೆ ಇದು ಗೊತ್ತಿರೋದೇ. ಕೆಲವು ಸಲ ಇಡೀ ಲಾಜಿಕ್ ಬದಲಿಸೋದು ಬೇಕಿಲ್ಲ, ವೇರಿಯಬಲ್ಲಿನ ಟೈಪ್ ಬದಲಿಸಿದರೆ ಸಾಕು. ವಸ್ತು ಅದೇ, ತೂಕ ಅದೇ, ಗಾಳಿಯೂ ಅಷ್ಟೇ. ಹೆಸರು ಬದಲಾಯಿತು, ಬಾಡಿಗೆ ಹೋಯಿತು.

ಎಲ್ಲರಿಗೂ ಕಾನೂನು ಬದಲಿಸೋಕೆ ಆಗಲ್ಲ. ಅಂಥವರು ವಸ್ತುವಿನ ಆಕಾರವನ್ನೇ ಬದಲಿಸಿದರು. ಇದರಲ್ಲಿ ಗುರು ಅಂದರೆ ಮಿಖಾಯೆಲ್ ಥೋನೆಟ್. ಮರವನ್ನು ಹಬೆಯಲ್ಲಿ ಬಗ್ಗಿಸಿ ಕುರ್ಚಿ ಮಾಡುತ್ತಿದ್ದ ಇವನು 1859ರಲ್ಲಿ ತಂದ 14ನೇ ನಂಬರಿನ ಕುರ್ಚಿ ಆರೇ ತುಂಡು ಮರ, ಹತ್ತು ಸ್ಕ್ರೂ, ಎರಡು ನಟ್ಟಿನದು. ಬಿಚ್ಚಿಟ್ಟರೆ ಒಂದು ಘನ ಮೀಟರಿನ ಪೆಟ್ಟಿಗೆಯಲ್ಲಿ 36 ಕುರ್ಚಿ ಕೂರುತ್ತಿದ್ದವು. ಗಾಳಿಯನ್ನು ಊರಲ್ಲೇ ಬಿಟ್ಟು ಮರವನ್ನು ಮಾತ್ರ ಕಳಿಸಿದ ಹಾಗೆ. ಆ ಕುರ್ಚಿ ಲೋಕವೆಲ್ಲ ಸುತ್ತಿತು.

ಸೈಕಲ್ಲಿನವರೂ ಇದೇ ದಾರಿ ಹಿಡಿದರು. ಊರಿನ ಸೈಕಲ್ ಅಂಗಡಿಗೆ ಹೊಸ ಸೈಕಲ್ ಅನ್ನೋದು ಸೈಕಲ್ಲಾಗಿ ಬರ್ತಿರಲಿಲ್ಲ. ಫ್ರೇಮುಗಳದ್ದೊಂದು ಕಟ್ಟು, ರಿಮ್ಮುಗಳದ್ದೊಂದು ಕಟ್ಟು, ಡಬ್ಬಿಯಲ್ಲಿ ಕಡ್ಡಿ, ಪೊಟ್ಟಣದಲ್ಲಿ ಬಾಲ್ಸು. ಅಂಗಡಿಯ ಫಿಟ್ಟರ್ ಮೂಲೆಯಲ್ಲಿ ಕೂತು ಒಂದೊಂದೇ ಕಡ್ಡಿ ಹೆಣೆದು ಚಕ್ರ ಮಾಡೋದನ್ನ ನಾನು ಗಂಟೆಗಟ್ಟಲೆ ನೋಡಿದೀನಿ. ಸರ್ಕಾರ 2006-07ರಲ್ಲಿ ಎಂಟನೇ ಕ್ಲಾಸಿನ ಮಕ್ಕಳಿಗೆ ಉಚಿತ ಸೈಕಲ್ ಕೊಡೋಕೆ ಶುರು ಮಾಡಿದಾಗ ನಾನು ಪಿಯುಸಿ ಮೆಟ್ಟಿಲಲ್ಲಿದ್ದೆ, ಸಿಗಲಿಲ್ಲ. ಆದರೆ ಹೈಸ್ಕೂಲಿನ ಅಂಗಳದಲ್ಲಿ ಬಿಡಿಭಾಗಗಳ ರಾಶಿ ಸುರಿದುಕೊಂಡು ಫಿಟ್ಟರುಗಳು ದಿನಗಟ್ಟಲೆ ಸೈಕಲ್ ಜೋಡಿಸ್ತಿದ್ದದ್ದು ನೆನಪಿದೆ. ಜೋಡಿಸಿಯೇ ತರಬಾರದಿತ್ತಾ ಅಂತ ಆಗ ಅನಿಸಿತ್ತು. ಈಗ ಕಾರಣ ಗೊತ್ತಾಗ್ತಿದೆ. ಜೋಡಿಸಿ ತಂದರೆ ಲಾರಿ ತುಂಬ ಗಾಳಿ. ಆ ಯೋಜನೆ ಕೋವಿಡ್ ವರ್ಷಗಳಲ್ಲಿ ನಿಂತುಹೋಯಿತು. ಇಲ್ಲದಿದ್ದರೆ ಅಕ್ಕನ ಮಗಳು ನನಗೆ ಫೋನ್ ಮಾಡುವ ಪ್ರಸಂಗವೇ ಬರ್ತಿರಲಿಲ್ಲವೇನೋ.

ಇನ್ನು ಅಂಚೆ. ಬ್ರಿಟನ್ನಿನಲ್ಲಿ 1883ರ ಆಗಸ್ಟ್ 1ರಂದು ಪಾರ್ಸೆಲ್ ಅಂಚೆ ಶುರುವಾಯಿತು. ಯಾವ ಊರಿಗಾದರೂ ಒಂದೇ ದರ. ಬಡವರ ಪಾಲಿಗೆ ದೊಡ್ಡ ಉಪಕಾರ. ಆದರೆ ಮಿತಿ ಏಳು ಪೌಂಡು, ಉದ್ದ ಮೂರೂವರೆ ಅಡಿ. ಸೈಕಲ್ ಹೊರಗೇ ಉಳಿಯಿತು. ಅಮೆರಿಕದಲ್ಲಿ ಇದು ಬಂದದ್ದು 1913ರ ಜನವರಿ 1ಕ್ಕೆ. ಮಿತಿ ಮೊದಲು 11 ಪೌಂಡು, ಆಮೇಲೆ 50ಕ್ಕೇರಿತು. ಜನ ಸುಮ್ಮನಿರ್ತಾರಾ? 1916ರಲ್ಲಿ ಯೂಟಾ ರಾಜ್ಯದ ವರ್ನಲ್ ಅನ್ನೋ ಊರಲ್ಲಿ ಬ್ಯಾಂಕ್ ಕಟ್ಟಡ ಏಳಬೇಕಿತ್ತು. ಇಟ್ಟಿಗೆ ಸಾಲ್ಟ್ ಲೇಕ್ ಸಿಟಿಯಿಂದ ಬರಬೇಕು. ಸರಕಾಗಿ ಸಾಗಿಸೋಕೆ ಆಗೋ ಖರ್ಚಿಗಿಂತ ಅಂಚೆ ದರ ಅಗ್ಗ ಅಂತ ಕಂಡುಕೊಂಡ ಒಬ್ಬ ವ್ಯಾಪಾರಿ, ಇಟ್ಟಿಗೆಗಳನ್ನು 50 ಪೌಂಡಿನ ಪೊಟ್ಟಣ ಮಾಡಿ ಪಾರ್ಸೆಲ್ ಪೋಸ್ಟಿಗೆ ಹಾಕಿದ. ಸುಮಾರು 80,000 ಇಟ್ಟಿಗೆ! ಅಂಚೆಯವರು ತಲೆ ಮೇಲೆ ಕೈ ಹೊತ್ತರು. ಒಬ್ಬ ಇನ್ನೊಬ್ಬನಿಗೆ ದಿನಕ್ಕೆ 200 ಪೌಂಡಿಗಿಂತ ಹೆಚ್ಚು ಕಳಿಸುವಂತಿಲ್ಲ ಅಂತ ನಿಯಮ ತಂದರು. ಬ್ಯಾಂಕ್ ಅಷ್ಟರಲ್ಲಿ ಎದ್ದಿತ್ತು. ಇಲ್ಲೂ ನೋಡಿ, ಇಟ್ಟಿಗೆಗೆ 'ಸರಕು' ಅನ್ನೋ ಹೆಸರು ಹೋಗಿ 'ಪಾರ್ಸೆಲ್' ಅನ್ನೋ ಹೆಸರು ಬಂದದ್ದೇ ಲಾಭ.

ಅಂಚೆಯ ಮಿತಿ ಮುಗಿಯುವ ಜಾಗದಲ್ಲಿ ಖಾಸಗಿಯವರ ವ್ಯಾಪಾರ ಬೆಳೆಯಿತು. ಈಗ ಯುಪಿಎಸ್ ಅಂತ ಕರೆಯುವ ದೈತ್ಯ ಕಂಪನಿ ಹುಟ್ಟಿದ್ದು 1907ರಲ್ಲಿ, ಸಿಯಾಟಲ್‌ನಲ್ಲಿ, 100 ಡಾಲರ್ ಸಾಲದಲ್ಲಿ. ಜಿಮ್ ಕೇಸಿ, ಕ್ಲಾಡ್ ರಯಾನ್ ಅನ್ನೋ ಇಬ್ಬರು ಹುಡುಗರು ಶುರು ಮಾಡಿದ್ದು. ಡೆಲಿವರಿ ನಡೆದುಕೊಂಡು, ಇಲ್ಲಾ ಸೈಕಲ್ ಮೇಲೆ. ಒಂದು ಕಾಲಕ್ಕೆ ಸೈಕಲ್ಲೇ ಅವರ ಪಾರ್ಸೆಲ್ ಹೊತ್ತಿತ್ತು. ಮುಂದೆ ಸೈಕಲ್ಲನ್ನೇ ಪಾರ್ಸೆಲ್ ಮಾಡಿದರೆ ಟೇಪು ತಂದು ಅಳೆಯುವ ಕಾಲ ಬಂತು. ಅಮೆರಿಕದಲ್ಲಿ ರಸ್ತೆ ಮೇಲಿನ ಪಾರ್ಸೆಲ್ಲಿಗೆ ಈ ಅಳತೆಯ ತೂಕ ಮೂರು ಘನ ಅಡಿಗಿಂತ ದೊಡ್ಡ ಪೆಟ್ಟಿಗೆಗಳಿಗೆ ಮಾತ್ರ ಇತ್ತು. 2015ರಿಂದ ಯುಪಿಎಸ್, ಫೆಡೆಕ್ಸ್ ಎರಡೂ ಎಲ್ಲ ಪೆಟ್ಟಿಗೆಗೂ ಅದನ್ನೇ ಹಾಕಿದವು. ಆನ್‌ಲೈನ್ ಅಂಗಡಿಗಳು ಚೋಟುದ್ದದ ಸಾಮಾನನ್ನು ಮಾರುದ್ದದ ಡಬ್ಬಿಯಲ್ಲಿ ಕಳಿಸಿ ವ್ಯಾನು ತುಂಬುತ್ತಿದ್ದ ಕಾಲ ಅದು. ಅವರ ಕಷ್ಟವೂ ಸುಳ್ಳಲ್ಲ. ವ್ಯಾನಿಗೂ ಹಡಗಿನ ಹಾಗೇ ಒಂದು ಹೊಟ್ಟೆ ಇದೆ. ಆದರೆ ಈ ಲೆಕ್ಕದಲ್ಲಿ ಯಾವ ವಸ್ತುವಿಗೂ ಹೆಸರಿಲ್ಲ. ಒಳಗಿರೋದು ಶಾಲೆಗೆ ಹೋಗೋ ಹುಡುಗಿಯ ಸೈಕಲ್ಲೋ, ಥರ್ಮಾಕೋಲೋ, ಯಂತ್ರಕ್ಕೆ ಬೇಕಿಲ್ಲ. ಉದ್ದ, ಅಗಲ, ಎತ್ತರ, ಅಷ್ಟೇ.

ಇಷ್ಟೆಲ್ಲ ಓದಿದ ಮೇಲೆ ನನಗೆ ಹೊಳೆದದ್ದು ಇದು: ಸೈಕಲ್ಲಿಗೆ ಇನ್ನೂ ಸೈಕಲ್ ಅಂತ ಹೆಸರಿರುವ ಜಾಗಕ್ಕೆ ಹೋಗಬೇಕು. ಅಂಥದೊಂದು ಜಾಗ ರೈಲ್ವೆ ಪಾರ್ಸೆಲ್ ಆಫೀಸು.

ಶ್ರಾವಣಕ್ಕೆ ಹೇಗೂ ಊರಿಗೆ ಟಿಕೆಟ್ ಮಾಡಿಸಿದ್ದೆ. ಸೈಕಲ್ ತಳ್ಳಿಕೊಂಡು ಸ್ಟೇಷನ್ನಿಗೆ ಹೋದೆ. ಕೌಂಟರಿನವರು ಕೇಳಿದ ಮೊದಲ ಪ್ರಶ್ನೆ: "ಟಿಕೆಟ್ ಇದೆಯಾ? ಇದ್ರೆ ಲಗೇಜು, ಇಲ್ದಿದ್ರೆ ಪಾರ್ಸಲ್ಲು." ನೂರಾ ಮೂವತ್ತು ವರ್ಷದ ಹಿಂದಿನ ನ್ಯೂಯಾರ್ಕಿನ ಜಗಳ ನಮ್ಮ ಕೌಂಟರಿನ ಎದುರು ಒಂದು ವಾಕ್ಯದಲ್ಲಿ ಮುಗಿದುಹೋಯಿತು. ಲಗೇಜು ಅಂದರೆ ನೀವು ಹೋಗುವ ರೈಲಿನ ಬ್ರೇಕ್ ವ್ಯಾನಿನಲ್ಲೇ ನಿಮ್ಮ ಜೊತೆ ಬರುತ್ತದೆ. ಪಾರ್ಸೆಲ್ ಅಂದರೆ ನೀವು ಹೋಗಬೇಕಿಲ್ಲ, ಜಾಗ ನೋಡಿ ಹತ್ತಿಸುತ್ತಾರೆ. ಆ ಕಡೆ ಇರುವವರು ರಶೀದಿ ತೋರಿಸಿ ಬಿಡಿಸಿಕೊಳ್ಳಬೇಕು, ತಡ ಮಾಡಿದರೆ ದಂಡ. ಎರಡಕ್ಕೂ ದುಡ್ಡಿದೆ, ಬಿಟ್ಟಿ ಇಲ್ಲ. ಆದರೆ ಯಾರೂ ಟೇಪು ತರಲಿಲ್ಲ. ದರಪಟ್ಟಿಯಲ್ಲಿ ಸೈಕಲ್ ಅಂತಲೇ ಒಂದು ಸಾಲಿದೆ, ಅದಕ್ಕೆ ಇಷ್ಟು ಅಂತ ತೂಕ ಗೊತ್ತುಮಾಡಿಟ್ಟಿದ್ದಾರೆ. ಅದರಲ್ಲೂ ಒಂದಿಷ್ಟು ಗಾಳಿಯ ಬಾಡಿಗೆ ಸೇರಿದೆ, ಆದರೆ ನನ್ನ ಜೇಬಿಗೆ ತಡೆಯುವಷ್ಟು.

ಕಟ್ಟುವ ವಿಷಯ. ಪೆಟ್ಟಿಗೆಯಲ್ಲಿ ಕಳಿಸೋದಾದರೆ ಮುಂದಿನ ಚಕ್ರ ಬಿಚ್ಚಿ, ಹ್ಯಾಂಡಲ್ ತಿರುಗಿಸಿ, ಸೀಟು ಇಳಿಸಿ, ಪೆಡಲ್ಲು ತೆಗೆಯಬೇಕು. ಎಡಗಡೆಯ ಪೆಡಲ್ಲು ಉಲ್ಟಾ ತಿರುಗುತ್ತದೆ, ಗೊತ್ತಿಲ್ಲದೆ ಜೋರು ಮಾಡಿದರೆ ಥ್ರೆಡ್ಡು ಹಾಳು. ಚಕ್ರ ಬಿಚ್ಚಿದ ಫೋರ್ಕಿನ ಎರಡು ಕಾಲುಗಳ ನಡುವೆ ಒಂದು ಗಟ್ಟಿ ಕಟ್ಟಿಗೆ ತುಂಡು ಸಿಗಿಸಬೇಕು, ಇಲ್ಲದಿದ್ದರೆ ಮೇಲೆ ಭಾರ ಬಿದ್ದು ಬಾಗುತ್ತದೆ. ರೈಲಿಗೆ ಇಷ್ಟು ಬೇಡ. ಚಕ್ರ ಇದ್ದರೆ ಹಮಾಲಿಗಳು ಉರುಳಿಸಿಕೊಂಡು ಹೋಗ್ತಾರೆ, ಎತ್ತಿ ಒಗೆಯಲ್ಲ. ಸ್ಟೇಷನ್ ಹೊರಗೆ ಗೋಣಿ ಕಟ್ಟುವ ಹಿರಿಯರೊಬ್ಬರಿದ್ದರು. ಫ್ರೇಮಿಗೆ ಹುಲ್ಲು ಸುತ್ತಿ, ಮೇಲೆ ಗೋಣಿ ಹಾಕಿ, ದಬ್ಬಳದಲ್ಲಿ ಹುರಿ ಪೋಣಿಸಿ ಹದಿನೈದು ನಿಮಿಷದಲ್ಲಿ ಹೊಲಿದುಬಿಟ್ಟರು. ಗೇರಿನ ಭಾಗಕ್ಕೆ ಮಾತ್ರ ಎರಡು ಪದರ. "ಇದು ಮುರಿದ್ರೆ ನಿಮ್ಮೂರಲ್ಲಿ ಸಿಗಲ್ಲ" ಅಂದರು. ಹೆಸರು, ಫೋನ್ ನಂಬರು, ಇಂದ–ಗೆ ಸ್ಟೇಷನ್ನು ಎರಡು ಕಡೆ ಮಾರ್ಕರಿನಲ್ಲಿ ಬರೆಸಿದರು. ಟೈರಿನ ಗಾಳಿ ಅರ್ಧ ಬಿಡಿಸಿದರು.

ಬೆಳಿಗ್ಗೆ ಶಿವಮೊಗ್ಗದಲ್ಲಿ ರಶೀದಿ ಕೊಟ್ಟು ಬಿಡಿಸಿಕೊಂಡು ಬಸ್ ಸ್ಟ್ಯಾಂಡಿಗೆ ತಳ್ಳಿದೆ. 2008ರಲ್ಲಿ ನಾನು ಬಿಇ ಸೇರೋಕೆ ದಾವಣಗೆರೆಗೆ ಹೊರಟಾಗ ಅಪ್ಪ ತನ್ನ ಹಳೇ ಸೈಕಲ್ಲನ್ನು ಹೀಗೇ ಬಸ್ಸಿನ ಟಾಪಿಗೆ ಹತ್ತಿಸಿ ಕಟ್ಟಿದ್ದ. ಕಂಡಕ್ಟರ್ ಅರ್ಧ ಟಿಕೆಟ್ ಹರಿದು, "ಹುಡುಗ ಓದೋಕೆ ಹೊಂಟಾನೆ, ಇಷ್ಟು ಸಾಕು" ಅಂದಿದ್ದ. ಆಮೇಲೆ ಅಪ್ಪ ಆ ನಾಲ್ಕು ವರ್ಷ ಗದ್ದೆಗೆ ನಡೆದೇ ಹೋದ. ಆಗ ನನಗದು ಲೆಕ್ಕಕ್ಕೇ ಬಂದಿರಲಿಲ್ಲ. ಈ ಸಲದ ಕಂಡಕ್ಟರ್ ಗೋಣಿ ಕಟ್ಟು ನೋಡಿ, "ಏನ್ರೀ ಒಳಗೆ?" ಅಂದ. "ಸೈಕಲ್ಲು" ಅಂದೆ. "ಹಾಕ್ರಿ ಮೇಲೆ." ಅಳೆಯಲೂ ಇಲ್ಲ, ತೂಗಲೂ ಇಲ್ಲ.

ಗೋಣಿ, ರೈಲು, ಬಸ್ಸು, ಆಟೋ, ಹಮಾಲಿ ಎಲ್ಲ ಸೇರಿ ಒಂಬೈನೂರರ ಒಳಗೆ ಮುಗಿಯಿತು.

ಅಕ್ಕನ ಮಗಳು ಕುಡುಗೋಲಿನಿಂದ ಹುರಿ ಕತ್ತರಿಸಿದಳು. ಹುಲ್ಲನ್ನು ಎಮ್ಮೆಗೆ ಹಾಕಿದಳು, ಗೋಣಿಯನ್ನು ಅಕ್ಕ ಮಡಚಿ ಎತ್ತಿಟ್ಟಳು. ಹತ್ತಿ ಎರಡು ಸುತ್ತು ಹೊಡೆದು ಬಂದವಳು, "ಮಾಮ, ಎಲ್ಲ ಚೆನ್ನಾಗಿದೆ, ಗಾಳಿ ಮಾತ್ರ ಇಲ್ಲ" ಅಂದಳು.

ಐದು ರೂಪಾಯಿ ಕೊಟ್ಟು ಸೈಕಲ್ ಶಾಪಿಗೆ ಕಳಿಸಿದೆ.